ಹಿಂದಿನ ಸಾಲಿನ ಕೆಂಪು ದೀಪ

“ಇದನ್ನ ಒತ್ತಿದ್ರೆ ಏನಾಗತ್ತೆ?” ಎನ್ನುತ್ತಲೇ ದೊಡ್ಡಮ್ಮ ಒತ್ತಿಯೂಬಿಟ್ಟಳು. ಸೋಫಾದ ಪಕ್ಕದ ಪುಟ್ಟ ಮೇಜಿನ ಮೇಲಿನ ಗುಂಡಿಯಲ್ಲಿ ಕೆಂಪು ದೀಪ ಹತ್ತಿಕೊಂಡಿತು.

“ಅಯ್ಯೋ, ಏನಾದ್ರೂ ಬೇಕಿದ್ರೆ ಮಾತ್ರ ಒತ್ತೋದು ದೊಡ್ಡಮ್ಮ. ಕೌಂಟರಿನಿಂದ ಬರ್ತಾರೆ.”

“ಬರಲಿ ಬಿಡೇ ಗುಬ್ಬಿ. ಯಾರು ಬರ್ತಾರೋ ನೋಡೋಣ.”

ಯಾರು ಬರುತ್ತಾರೆಂದು ತೋರಿಸಲಿಕ್ಕೇ ಗುಬ್ಬಿ ದೊಡ್ಡಮ್ಮನನ್ನು ಇಲ್ಲಿಗೆ ಕರೆತಂದದ್ದು. ಮನೆಯಲ್ಲಿ ದೊಡ್ಡಮ್ಮ ಹೂಂ ಅಂದರೆ ಅಪ್ಪನೂ ಹೂಂ. ಅವಳು ಮೂಗು ಮುರಿದರೆ ಅಲ್ಲಿಗೆ ಮುಗಿಯಿತು. ಕೌಂಟರಿನ ಹುಡುಗನನ್ನು ಮದುವೆಯಾಗುತ್ತೇನೆ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಗುಬ್ಬಿಗೆ ಇರಲಿಲ್ಲ. ಮೊದಲು ನೋಡಲಿ, ಹೇಳುವುದು ಆಮೇಲೆ ಎಂದುಕೊಂಡಿದ್ದಳು. ನನ್ನ ಗುರುತೇ ಇಲ್ಲದವನ ಹಾಗೆ ಇರು ಎಂದು ಅವನಿಗೂ ಹೇಳಿಟ್ಟಿದ್ದಳು.

ಬೀದಿಯ ತಿರುವಿನ ಈ ಚಿತ್ರಮಂದಿರ ಹಿಂದೆ ಮರದ ಗೋದಾಮಾಗಿತ್ತಂತೆ. ಗೋಡೆಯ ಆಚೆ ಕಾಫಿ, ಬಿಯರು ಕೊಡುವ ಕೌಂಟರು. ಈಚೆ ಒಂದಕ್ಕೊಂದು ಹೊಂದದ ಹಳೆಯ ಸೋಫಾಗಳು. ಒಳಬರುವಾಗ ದೊಡ್ಡಮ್ಮ ಬಾಟಲಿಗಳ ಮೇಲಿನ ಹೆಸರುಗಳನ್ನೆಲ್ಲ ಕತ್ತು ಚಾಚಿ ಓದಿ, “ಇಲ್ಲಿ ಕುಡಿದು ಗಲಾಟೆ ಮಾಡಲ್ವಾ?” ಎಂದು ಟಿಕೆಟ್ ಹರಿಯುವವಳನ್ನೇ ಕೇಳಿದ್ದಳು.

“ಮಾಡಿದ್ರೆ ಕಥೆ ಕೇಳಿಸಲ್ವಲ್ಲಮ್ಮ” ಎಂದಿದ್ದಳು ಅವಳು.

ಅವನು ಬಂದ, ಸೊಂಟ ಬಗ್ಗಿಸಿಕೊಂಡು. “ಏನು ಕೊಡ್ಲಿ, ಅಮ್ಮ?”

“ಎರಡು ಕಾಫಿ.”

ಅವನು ಹೋದಮೇಲೆ ದೊಡ್ಡಮ್ಮ ಪಿಸುಗುಟ್ಟಿದಳು. “ಕೋಳಿ ಕದಿಯೋನ ಥರ ಯಾಕೆ ನಡೀತಾನೆ?”

“ಸೂರು ತಗ್ಗು ದೊಡ್ಡಮ್ಮ. ನೆಟ್ಟಗೆ ನಿಂತ್ರೆ ಪರದೆ ಮೇಲೆ ನೆರಳು ಬೀಳತ್ತೆ.”

ಕಾಫಿ ಬಂತು. ಗುಬ್ಬಿ ಅವನತ್ತ ನೋಡಲಿಲ್ಲ, ಅವನೂ ನೋಡಲಿಲ್ಲ. ಮೊಣಕಾಲೂರಿ ಎರಡು ಕಪ್ಪುಗಳನ್ನಿಟ್ಟ. ಆಮೇಲೆ ಚಮಚದಿಂದ ಗುಬ್ಬಿಯ ಕಾಫಿಯ ಮೇಲಿನ ಕೆನೆಯನ್ನು ಮೆಲ್ಲಗೆ ಎತ್ತಿ ತಟ್ಟೆಯ ಅಂಚಿಗೆ ಹಾಕಿ, ಕಪ್ಪನ್ನು ಅವಳತ್ತ ಸರಿಸಿ ಹೊರಟುಹೋದ. ರೂಢಿಯಾದ ಕೈ, ನಾಟಕದ ವಿಷಯ ಅದಕ್ಕೆ ಯಾರೂ ಹೇಳಿರಲಿಲ್ಲ.

ದೊಡ್ಡಮ್ಮ ತನ್ನ ಕಪ್ಪಿನೊಳಗೆ ಬಗ್ಗಿ ನೋಡಿದಳು.

“ನನ್ನದರಲ್ಲಿ ಕೆನೆ ಹಾಗೇ ಇದೆಯಲ್ಲೇ.”

ಗುಬ್ಬಿ ಪರದೆಯಿಂದ ಕಣ್ಣು ಕೀಳಲಿಲ್ಲ. ಅಲ್ಲಿ ಯಾರೋ ರೈಲು ಹತ್ತುತ್ತಿದ್ದರು. ಯಾರು, ಯಾಕೆ, ಒಂದೂ ತಲೆಗೆ ಹೋಗಲಿಲ್ಲ.

“ನಿನಗೆ ಕೆನೆ ಕಂಡ್ರಾಗಲ್ಲ ಅಂತ ನಿಮ್ಮಪ್ಪನಿಗೇ ಇನ್ನೂ ಗೊತ್ತಿಲ್ಲ. ಇವನಿಗೆ ಹೇಗೆ ಗೊತ್ತು?”

“ದೊಡ್ಡಮ್ಮ, ಅದು…”

“ಶ್! ಕಥೆ ಕೇಳಿಸಲ್ಲ.”

ದೊಡ್ಡಮ್ಮ ಕಾಫಿಯನ್ನು ಕೆನೆಸಮೇತ, ಗುಟುಕು ಗುಟುಕಾಗಿ ಕುಡಿದಳು. ಗುಬ್ಬಿಯದು ಮೇಜಿನ ಮೇಲೇ ಆರುತ್ತಿತ್ತು. ಖಾಲಿ ಕಪ್ಪನ್ನು ಕೆಳಗಿಟ್ಟು, ಕನ್ನಡಕ ತೆಗೆದು, ಕರವಸ್ತ್ರದಿಂದ ಎರಡೂ ಗಾಜು ಒರೆಸಿ ಹಾಕಿಕೊಂಡು, ದೊಡ್ಡಮ್ಮ ಮತ್ತೆ ಗುಂಡಿ ಒತ್ತಿದಳು.

“ಇನ್ನೇನು ಬೇಕಿತ್ತು, ಅಮ್ಮ?”

“ಏನೂ ಬೇಡಪ್ಪ. ಒಂದ್ಸಲ ನೆಟ್ಟಗೆ ನಿಂತ್ಕೋ, ನೋಡ್ತೀನಿ.”

ಅವನು ಮೊದಲ ಬಾರಿಗೆ ಗುಬ್ಬಿಯ ಕಡೆ ನೋಡಿದ. ಅವಳು ಆರಿದ ಕಾಫಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಮುಂದಿನ ಸಾಲಿನಿಂದ ಯಾರೋ “ಏಯ್, ತಲೆ!” ಎಂದರು. ಪರದೆಯ ಮೇಲೆ ರೈಲು ಹೊರಟಿತ್ತು. ಹಾದುಹೋಗುವ ಕಿಟಕಿಗಳ ಕೆಳಗಿನಿಂದ ಮೊದಲು ಕೆದರಿದ ಕೂದಲು, ಆಮೇಲೆ ಎರಡು ಕಿವಿ, ಆಮೇಲೆ ಹೆಗಲು, ಒಂದು ನೆರಳು ಮೆಲ್ಲಗೆ ಮೇಲೇಳತೊಡಗಿತು.