ಟೋಕನ್ ನಂಬರ್ ಒಂದರಿಂದ ನೂರು, ದಯವಿಟ್ಟು ಊಟಕ್ಕೆ

ಸೋಲೂರಿನ ಛತ್ರದಿಂದ ಶುರು ಮಾಡಲೋ, ಹೋಳಿಗೆಯಿಂದಲೋ? ಮೊದಲ ಡ್ರಾಫ್ಟಿನಲ್ಲಿ 'ಕೊರೋನಾ ನಂತರ ಜಗತ್ತೇ ಬದಲಾಗಿತ್ತು' ಎಂದು ಬರೆದಿದ್ದೆ. ಓದಿದರೆ ನನಗೇ ಆಕಳಿಕೆ ಬಂತು, ಹರಿದು ಹಾಕಿದೆ. ಪತ್ರಿಕೆಯವರು ಕೇಳಿದ್ದು, ಸಾಂಕ್ರಾಮಿಕದ ನಂತರ ಸಣ್ಣ ವ್ಯಾಪಾರದವರು ಹೇಗೆ ಹೊಂದಿಕೊಳ್ಳಬಹುದು ಎಂಬ ಸ್ಫೂರ್ತಿದಾಯಕ ಕಥೆ. ಸ್ಫೂರ್ತಿ ನನ್ನಲ್ಲಿ ಸ್ಟಾಕ್ ಇಲ್ಲ. ಅದಕ್ಕೇ ಒಬ್ಬ ಅಡುಗೆ ಕಂಟ್ರಾಕ್ಟರನನ್ನು ಹುಟ್ಟಿಸಿದೆ.

೧

ಹೆಸರು ಉದಯಶಂಕರ್, ಊರು ಮಾಗಡಿ. ಲಾಕ್‌ಡೌನಿನಲ್ಲಿ ಕೊಪ್ಪರಿಗೆಗಳನ್ನು ಬೋರಲು ಹಾಕಿ, ಚಪಾತಿ ಪಾರ್ಸೆಲ್ ಮಾರಿ ಸಂಸಾರ ತೂಗಿಸಿದವನು. (ಪಾಪ ಎನ್ನಬೇಡಿ, ಅವನಿಗೆ ಸಿಟ್ಟು ಬರುತ್ತದೆ.) ಈಗ ಸೋಲೂರಿನಲ್ಲಿ ಒಂದು ದೊಡ್ಡ ಮದುವೆಯ ಅಡುಗೆ ಸಿಕ್ಕಿದೆ. ಇದು ಕೆಟ್ಟರೆ ಮುಂದೆ ಯಾರೂ ಕರೆಯುವುದಿಲ್ಲ. ಆಗ ಬಿಡದಿಯ ಕಡೆ ಯಾವುದಾದರೂ ಕ್ಯಾಂಟೀನಿಗೆ ಸೇರಬೇಕು.

'ಕ್ಯಾಂಟೀನ್‌ನಾಗೆ ಭಾನುವಾರ ರಜ ಐತೆ ಕಣ್ರೀ' ಎಂದಳು ಹೆಂಡತಿ ಸರ್ವಮಂಗಳ.

'ಹೋಳಿಗೆ ಇಲ್ವಲ್ಲೇ' ಎಂದ ಉದಯಶಂಕರ್.

೨

ಅವನ ಹೊಸ ಐಡಿಯಾ ಟೋಕನ್. ನಮ್ಮ ಮದುವೆಗಳಲ್ಲಿ ಒಂದು ಪಂಕ್ತಿ ಉಣ್ಣುವಾಗ ಇನ್ನೊಂದು ಪಂಕ್ತಿ ಕುರ್ಚಿಗಳ ಹಿಂದೆ ನಿಂತು, ಮುಂದಿನವರು ಮಜ್ಜಿಗೆಗೆ ಬಂದರೋ ಇಲ್ಲವೋ ಎಂದು ಕತ್ತು ಚಾಚಿ ನೋಡುತ್ತಿರುತ್ತದೆ. ಇನ್ನು ಅದಿಲ್ಲ. ಬಾಗಿಲಲ್ಲೇ ಟೋಕನ್, ಮೈಕಿನಲ್ಲಿ ನಂಬರ್. ನನಗೆ ಖುಷಿಯೋ ಖುಷಿ. ಇನ್ನೊಂದು ಪ್ಯಾರಾದಲ್ಲಿ ಇವನಿಗೊಂದು ಆ್ಯಪ್ ಮಾಡಿಕೊಟ್ಟು ಕಥೆ ಮುಗಿಸುವುದರಲ್ಲಿದ್ದೆ.

೩

(ಇದನ್ನು ಹೊಡೆದು ಹಾಕಿದ್ದೇನೆ. ಇದರಲ್ಲಿ ಡ್ರೋನ್ ಬಂದು ಸಾಂಬಾರ್ ಬಡಿಸುತ್ತಿತ್ತು.)

೪

ಧಾರೆ ಮುಗಿಯಿತು. ಎಲೆ ಹಾಕಿಯಾಯಿತು. 'ಟೋಕನ್ ನಂಬರ್ ಒಂದರಿಂದ ನೂರು, ದಯವಿಟ್ಟು ಊಟಕ್ಕೆ' ಎಂದಿತು ಮೈಕು.

ಯಾರೂ ಏಳಲಿಲ್ಲ. ಮೈಕು ಮತ್ತೆ ಕೂಗಿತು. ಇಬ್ಬರು ಮಕ್ಕಳು ಓಡಿದರು, ಅವರನ್ನೂ ಅಜ್ಜಿ ಅಂಗಿ ಹಿಡಿದು ಕೂರಿಸಿದಳು. ಮುಂದಿನ ಸಾಲಿನಲ್ಲಿ ಗಂಡಿನ ದೊಡ್ಡಪ್ಪ, ಬೈರಾಪಟ್ಟಣದ ತಿಮ್ಮಯ್ಯ, ಕೈಕಟ್ಟಿ ಕೂತಿದ್ದರು.

'ನಂಬರ್ ಕೂಗುದ್ರೆ ಎದ್ದೋಗಕ್ಕೆ ನಾನೇನು ಆಸ್ಪತ್ರೆಗೆ ಬಂದಿದೀನೇನ್ಲಾ? ಮನೆಯೋರು ಬಂದು ಕರೀಲಿ.'

ಅವರು ಏಳದೆ ಗಂಡಿನ ಕಡೆಯ ಒಂದು ಪಿಳ್ಳೆಯೂ ಏಳುವುದಿಲ್ಲ. ಬೀಗರು ಉಣ್ಣದೆ ಹೋದರೆ ಹೆಣ್ಣಿನ ಮನೆಯ ಮಾನ ಹೋಯಿತು, ಜೊತೆಗೆ ಅಡುಗೆಯವನ ಹೆಸರೂ ಹೋಯಿತು. ನನಗೆ ತಲೆ ಕೆಟ್ಟಿತು.

'ಏನಯ್ಯಾ ಉದಯಶಂಕರ್, ಮನೆಯವರು ಬಂದು ಕರೆಯದೆ ನಮ್ಮ ಕಡೆ ಯಾರಾದರೂ ಊಟಕ್ಕೆ ಏಳುತ್ತಾರಾ? ಇಷ್ಟೂ ಗೊತ್ತಿಲ್ಲವಾ?'

'ಗೊತ್ತು ಸಾ.'

'ಮತ್ತೆ?'

'ಕರಿಯೋರು ಯಾರವ್ರೆ, ನೀವೇ ಯೋಳಿ.'

ಇದನ್ನು ಅವನು ನನಗೆ ಮೊದಲೇ ಹೇಳಿರಲಿಲ್ಲ. (ಪಾತ್ರಗಳ ಹಣೆಬರಹವೇ ಇಷ್ಟು.) ಮದುಮಗಳು ಶ್ವೇತಳ ಅಪ್ಪ ದೇವರಾಜು ಎರಡನೇ ಅಲೆಯಲ್ಲಿ ಹೋಗಿಬಿಟ್ಟಿದ್ದರು. ಧಾರೆಗೆ ಕೂತ ಸೋದರಮಾವ ಉಳಿದ ಶಾಸ್ತ್ರ ಮುಗಿಯುವ ತನಕ ಮಂಟಪ ಬಿಟ್ಟು ಬರುವಂತಿಲ್ಲ. ಗಂಡ ಇಲ್ಲದವಳು ಶುಭಕಾರ್ಯದಲ್ಲಿ ಮುಂದೆ ಸುಳಿಯಬಾರದೆಂದು ತಾಯಿ ಲತಾಮಣಿ ಉಗ್ರಾಣದಲ್ಲಿ ವೀಳ್ಯದೆಲೆ ಜೋಡಿಸುತ್ತಾ ಕೂತಿದ್ದಾರೆ. ಟೋಕನ್ ಮಾಡಿದ್ದು ವೈರಸ್ಸಿಗಾಗಿ ಅಲ್ಲ, ಕರೆಯುವವರಿಲ್ಲ ಎನ್ನುವುದು ಯಾರ ಕಣ್ಣಿಗೂ ಬೀಳದಿರಲಿ ಎಂದು. ಇಷ್ಟು ಹೊತ್ತು ತಮಾಷೆ ಮಾಡಿದ್ದಕ್ಕೆ ನನಗೆ ನಾಚಿಕೆಯಾಯಿತು.

೫

ಮುಕ್ತಾಯ ಅ: ತಿಮ್ಮಯ್ಯನವರಿಗೆ ವಿಷಯ ತಿಳಿದು, ಅತ್ತು, ಏಳುತ್ತಾರೆ.

'ಬ್ಯಾಡ ಸಾ, ಸೀರಿಯಲ್ ಆಯ್ತದೆ' ಎಂದ ಉದಯಶಂಕರ್.

ಮುಕ್ತಾಯ ಆ: ಯಾರೂ ಏಳುವುದಿಲ್ಲ. ಇವನು ಕ್ಯಾಂಟೀನಿಗೆ ಸೇರುತ್ತಾನೆ. ಭಾನುವಾರ ರಜ.

ಮುಕ್ತಾಯ ಇ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಸರ್ವಮಂಗಳ ನನ್ನನ್ನು ಒಂದು ಮಾತೂ ಕೇಳದೆ ಉಗ್ರಾಣಕ್ಕೆ ನುಗ್ಗಿದಳು.

'ಅಕ್ಕ, ಹೋಳಿಗೆ ತಣ್ಗಾಯ್ತಾ ಐತೆ. ನಿಮ್ ಮಗಳ ಮದ್ವೆ, ನೀವೇ ಬಂದು ಕರೀರಿ.'

'ನಾನಾ? ಜನ ಏನಂದಾರು?'

'ಹಸ್ಕೊಂಡಿರೋರು ಏನೂ ಅನ್ನಕಿಲ್ಲ, ಬನ್ನಿ.'

ಲತಾಮಣಿ ಸೆರಗಿಗೆ ಕೈ ಒರೆಸಿಕೊಂಡು ಹಾಲ್‌ಗೆ ಬಂದರು. ಯಾರೋ ಮೈಕು ಚಾಚಿದರು, ಅವರು ತೆಗೆದುಕೊಳ್ಳಲಿಲ್ಲ. ತಿಮ್ಮಯ್ಯನವರ ಮುಂದೆ ಹೋಗಿ ನಿಂತರು.

'ಬೀಗ್ರೆ, ಏಳಿ ಊಟಕ್ಕೆ. ಅವ್ರಿಲ್ಲ. ನಾನೇ ಕರೀತಾ ಇವ್ನಿ.'

ತಿಮ್ಮಯ್ಯ ಧಡಕ್ಕನೆ ಎದ್ದರು, ಹೆಗಲ ಮೇಲಿನ ಟವಲ್ ಕೆಳಗೆ ಬಿತ್ತು. ಅವರ ಹಿಂದೆ ಇಡೀ ಛತ್ರವೇ ಎದ್ದಿತು. ಲತಾಮಣಿ ಸಾಲು ಸಾಲಿಗೆ ಹೋಗಿ ಅಣ್ಣ, ಅತ್ತಿಗೆ, ಚಿಕ್ಕವ್ವ ಎಂದು ಕರೆಯುತ್ತಲೇ ಇದ್ದರು.

೬

'ಹಾಗಾದರೆ ಟೋಕನ್ ಬಿಟ್ಟೆಯಾ?' ಎಂದು ಕೇಳಿದೆ. ಪತ್ರಿಕೆಗೆ ಏನಾದರೂ ಬರೆಯಬೇಕಲ್ಲ.

'ಟೋಕನ್ ಇರ್ಲಿ ಸಾ, ನೂಕಾಟ ತಪ್ತದೆ. ಆದ್ರೆ ಕರಿಯೋರು ಯಾರು ಅಂತ ಆರ್ಡರ್ ಇಡ್ಕೊಳ್ಳೋವಾಗ್ಲೇ ಕೇಳ್ಬೇಕು. ಒಸಿ ತಡೀರಿ, ಬಡಿಸ್ಬುಟ್ಟು ಬತ್ತೀನಿ.'

ಮುಂದಿನ ಆರ್ಡರ್ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ. ಅವನು ಹೇಳಲಿಲ್ಲ.

ಕೊನೆಯ ಪಂಕ್ತಿಯೂ ಎದ್ದ ಮೇಲೆ ತಿಮ್ಮಯ್ಯ ಎಲೆ ಅಡಿಕೆ ಜಗಿಯುತ್ತಾ ಲತಾಮಣಿಯ ಹತ್ತಿರ ಬಂದರು.

'ನಿಮ್ದಾಯ್ತೇನವ್ವಾ ಊಟ?'

ಬೆಳಗಿನಿಂದ ಯಾರೂ ಅವರನ್ನು ಇದೊಂದು ಮಾತು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅವರ ಬಾಯಿಗೆ ಮೂರು ಉತ್ತರ ಬರೆದೆ, ಮೂರೂ ಸುಳ್ಳೆನಿಸಿ ಅಳಿಸಿದೆ. ಉದಯಶಂಕರ್ ಎಲೆ ಹಾಕಿ ನೀರು ಚಿಮುಕಿಸಿದ್ದಾನೆ. ಸರ್ವಮಂಗಳ ಕುರ್ಚಿ ಎಳೆದಿದ್ದಾಳೆ. ಲತಾಮಣಿ ಅದರ ಬೆನ್ನು ಹಿಡಿದು ನಿಂತಿದ್ದಾರೆ.

ಕಥೆ ಮುಗಿಯಿತಾ ಎಂದು ಪತ್ರಿಕೆಯವರು ಫೋನ್ ಮಾಡಿದರು. ಇಲ್ಲ ಎಂದೆ. ಲತಾಮಣಿ ಇನ್ನೂ ಕೂತಿಲ್ಲ.