ಅಪ್ಪನ ಹಾಲಿಗೆ ಬೆರೆಸಿದ ಪುಡಿ

ಪ್ರಯೋಗಾಲಯದಲ್ಲಿ ಇಲಿಗಳನ್ನು ನೋಡಿಕೊಳ್ಳುವ ಕೆಲಸ ಅವಳದು. ಅಪ್ಪ ಅವಳನ್ನು ಕರೆಯುತ್ತಿದ್ದದ್ದೇ 'ಇಲಿಯಮ್ಮ' ಎಂದು. ಎರಡು ವರ್ಷದಿಂದ ಒಂದೇ ಪ್ರಯೋಗ: ಮೊಸರಿನಲ್ಲಿರುವಂಥ ಒಳ್ಳೆಯ ಬ್ಯಾಕ್ಟೀರಿಯಾವನ್ನು ಅರ್ಧ ಇಲಿಗಳಿಗೆ ಹತ್ತು ದಿನ ತಿನ್ನಿಸುವುದು, ಆಮೇಲೆ ಎಲ್ಲವುಗಳ ಮೂಗಿಗೂ ಫ್ಲೂ ವೈರಸ್ಸಿನ ಹನಿ ಬಿಡುವುದು. ತಿಂದವು ಎರಡು ದಿನ ಮುದುಡಿ ಕೂತು ಮತ್ತೆ ಓಡಾಡುತ್ತಿದ್ದವು. ತಿನ್ನದವುಗಳಲ್ಲಿ ಸತ್ತವನ್ನು ಬೆಳಿಗ್ಗೆ ಚೀಲಕ್ಕೆ ತುಂಬುವುದೂ ಅವಳ ಪಾಲಿಗೇ. ಇಷ್ಟು ಕಣ್ಣಾರೆ ಕಂಡವಳು ಕೈಕಟ್ಟಿ ಕೂರುವುದು ಹೇಗೆ?

ಅಪ್ಪನಿಗೆ ರಕ್ತದ ಕ್ಯಾನ್ಸರ್, ಆಸ್ಪತ್ರೆಯಲ್ಲಿದ್ದರು. ಅದರ ಔಷಧ, ರೋಗಾಣುಗಳ ಜೊತೆ ಹೋರಾಡುವ ಬಿಳಿ ರಕ್ತಕಣಗಳನ್ನೆಲ್ಲ ಗುಡಿಸಿ ಹಾಕಿತ್ತು. ವಾರ್ಡಿನ ಆಚೆ ತುದಿಯಲ್ಲಿ ಫ್ಲೂ ಶುರುವಾದ ದಿನ ಅವಳ ಜೀವ ಬಾಯಿಗೆ ಬಂತು. ಲ್ಯಾಬಿನ ಫ್ರಿಜ್ಜಿನಿಂದ ಅದೇ ಬ್ಯಾಕ್ಟೀರಿಯಾದ ಪುಡಿ ತಂದು, ಯಾರಿಗೂ ಹೇಳದೆ, ದಿನಾ ಅಪ್ಪನ ಹಾಲಿಗೆ ಒಂದು ಚಮಚ ಬೆರೆಸಿದಳು.

ಆರನೇ ದಿನ ಜ್ವರ ಬಂತು. ಒಂಬತ್ತನೇ ದಿನವೂ ಇಳಿಯಲಿಲ್ಲ.

"ಫ್ಲೂ ಅಲ್ಲಮ್ಮ," ಎಂದರು ಡಾಕ್ಟರು. "ರಕ್ತದಲ್ಲಿ ಕಡ್ಡಿ ಕಡ್ಡಿ ಥರ ಏನೋ ಬ್ಯಾಕ್ಟೀರಿಯಾ ಬೆಳೆದಿದೆ. ಪರೀಕ್ಷೆಗೆ ರಕ್ತ ತೆಗೆಯುವಾಗ ಹೊರಗಿಂದ ಸೇರಿಕೊಂಡಿರಬೇಕು, ಅದನ್ನ ಲೆಕ್ಕಕ್ಕೆ ತಗೊಂಡಿಲ್ಲ. ಹೇಗೂ ಬ್ಯಾಕ್ಟೀರಿಯಾ ಕೊಲ್ಲೋ ದೊಡ್ಡ ಔಷಧಿನೇ ಹಾಕಿದೀವಲ್ಲ."

ಕಡ್ಡಿ ಕಡ್ಡಿ. ಅವಳ ಪುಡಿಯ ಬ್ಯಾಕ್ಟೀರಿಯಾವೂ ಸೂಕ್ಷ್ಮದರ್ಶಕದಲ್ಲಿ ಹಾಗೇ ಕಾಣುತ್ತಿತ್ತು. ಡ್ರಿಪ್ಪಿನ ಬಾಟಲಿಯ ಮೇಲಿನ ಹೆಸರು ಓದಿದಳು. ಆ ಔಷಧ ಅವಳಿಗೆ ಹೊಸದಲ್ಲ. ತನ್ನ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ ಅವಳೇ ಅದನ್ನು ಬೆರೆಸುತ್ತಿದ್ದಳು, ಬೇರೆ ಕ್ರಿಮಿಗಳೆಲ್ಲ ಸತ್ತು ಇದೊಂದೇ ಉಳಿಯಲಿ ಎಂದು. ಆ ಔಷಧಕ್ಕೆ ಇದು ಜಗ್ಗುವುದೇ ಇಲ್ಲ.

ಅವಳ ಇಲಿಗಳೆಲ್ಲ ಗಟ್ಟಿಮುಟ್ಟಾದ ಇಲಿಗಳು. ಬಿಳಿ ರಕ್ತಕಣವೇ ಇಲ್ಲದ ಅಪ್ಪನಂಥ ಇಲಿ ಅವುಗಳಲ್ಲಿ ಒಂದೂ ಇರಲಿಲ್ಲ. ಎರಡು ವರ್ಷದಲ್ಲಿ ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲವಲ್ಲ ಈ ಜಾಣೆಗೆ! ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಹಾಳಾಗಿ ಹೋಗಲಿ. ಅಪ್ಪ ಏನೆಂದುಕೊಂಡಾರು ಎನ್ನುವುದೇ ಅವಳನ್ನು ತಡೆದದ್ದು.

ಡಾಕ್ಟರು ಬಾಗಿಲ ಕಡೆ ತಿರುಗಿದರು. ಅಪ್ಪ ಕಣ್ಣು ತೆರೆದು, ಕೈಸನ್ನೆ ಮಾಡಿ ಅವರನ್ನು ನಿಲ್ಲಿಸಿದರು.

"ಡಾಕ್ಟ್ರೇ, ನಿಮ್ಮ ಔಷಧಿ ನಾಟ್ತಿಲ್ಲ. ನಮ್ಮ ಇಲಿಯಮ್ಮ ದಿನಾ ಹಾಲು ಕುಡಿಸ್ತಾಳೆ ನೋಡಿ, ಅದಕ್ಕೇ ಇನ್ನೂ ಜೀವ ಹಿಡ್ಕೊಂಡಿದೀನಿ."

ಇವತ್ತಿನ ಲೋಟ ಮಂಚದ ಪಕ್ಕದಲ್ಲೇ ಇತ್ತು, ಅರ್ಧ ಕುಡಿದದ್ದು. ಅವಳು ಅದನ್ನೆತ್ತಿ ಡಾಕ್ಟರ ಕೈಗೆ ಕೊಟ್ಟಳು.

"ಆ ಕಡ್ಡಿಗಳು ಇದರಲ್ಲಿವೆ ಡಾಕ್ಟ್ರೇ. ನಾನೇ ಹಾಕಿದ್ದು. ನಿಮ್ಮ ಔಷಧಿಗೆ ಅವು ಸಾಯಲ್ಲ. ಯಾವುದಕ್ಕೆ ಸಾಯ್ತವೆ ಅಂತ ನನಗೆ ಗೊತ್ತು, ಬರ್ಕೊಳ್ಳಿ."

ಅಪ್ಪನ ಮುಖ ನೋಡುವ ಧೈರ್ಯ ಅವಳಿಗೆ ಆಗಲಿಲ್ಲ.