ಮೂರನೆಯ ಸಾಲಿನಲ್ಲಿ ಬರೆದದ್ದು

ಪಟ್ಟಿಗಳನ್ನು ಅಂಟಿಸಿದ ದಿನ ತೂರಿಯಾ ಆ ಶಾಲೆಗೆ ಹೋಗಬೇಕಾಗಿಯೇ ಇರಲಿಲ್ಲ. ಅವಳ ಪಾಲಿಗೆ ಬಂದ ಶಾಲೆಗಳು ನಾಲ್ಕು. ಆ ಸೋಮವಾರ ಇನ್ನೊಂದು ಶಾಲೆಯಲ್ಲಿ ಕೂತು ಅಂಕಿಅಂಶ ತುಂಬುವ ಕೆಲಸವಿತ್ತು. ಆದರೆ ಒಂಬತ್ತನೆಯ ತರಗತಿ ಮುಗಿಸಿದ ಮಕ್ಕಳು ಗೋಡೆಯ ಮುಂದೆ ಗುಂಪಾಗಿ ನಿಂತು ತಮಗೆ ಯಾವ ವಿಭಾಗ ಸಿಕ್ಕಿದೆ ಎಂದು ಹುಡುಕುವುದನ್ನು ನೋಡುವುದು ಅವಳಿಗೆ ಇಷ್ಟ. ಮಾರ್ಗದರ್ಶನ ಸಲಹೆಗಾರ್ತಿ ಎಂಬ ಉದ್ದನೆಯ ಹೆಸರಿನ ಹುದ್ದೆಯಲ್ಲಿ ಇಪ್ಪತ್ತಾರು ವರ್ಷ ಕಳೆದವಳಿಗೆ ತನ್ನ ಕೆಲಸದ ಫಲ ಕಣ್ಣಿಗೆ ಕಾಣುತ್ತಿದ್ದುದು ವರ್ಷಕ್ಕೆ ಅದೊಂದೇ ಬೆಳಿಗ್ಗೆ.

ಗೇಟು ಕಾಯುವ ಬಾ ಅಲ್ಲಾಲ್ ಅವಳನ್ನು ಕಂಡಕೂಡಲೇ ತನ್ನ ಕುರ್ಚಿಯನ್ನು ಹಿಪ್ಪುನೇರಳೆ ಮರದ ನೆರಳಿಗೆ ಎಳೆದು ಹಾಕಿದ. ಶಾಲೆಯಲ್ಲಿ ಎಲ್ಲರಂತೆ ಅವನೂ ಅವಳನ್ನು ಟೀಚರ್ ಎಂಬರ್ಥದಲ್ಲಿ ಉಸ್ತಾದಾ ಎನ್ನುತ್ತಿದ್ದ.

"ಕೂತ್ಕೊಳ್ಳಿ ಉಸ್ತಾದಾ. ಪಟ್ಟಿ ಎಲ್ಲೂ ಓಡಿಹೋಗಲ್ಲ. ನೀವು ಎತ್ತರ ಇದೀರ, ಹಿಂದಿನಿಂದ್ಲೂ ಕಾಣುತ್ತೆ."

"ಎತ್ತರ ಇದೀನಿ, ಕಣ್ಣು ಎಲ್ಲಿದೆ ಬಾ ಅಲ್ಲಾಲ್?"

"ಹಾಗಾದ್ರೆ ಯಾರ ಹೆಸರು ಬೇಕು ಹೇಳಿ, ನಾನೇ ಓದಿ ಬರ್ತೀನಿ. ನನಗೆ ಓದೋಕೆ ಬರಲ್ಲ, ಅದು ಬೇರೆ ಮಾತು."

ತೂರಿಯಾ ನಕ್ಕಳು. ಮಕ್ಕಳ ಗುಂಪು ಸ್ವಲ್ಪ ತೆಳ್ಳಗಾದ ಮೇಲೆ ಕನ್ನಡಕ ಹಾಕಿಕೊಂಡು ಎದ್ದು ಹೋದಳು. ಮೊದಲು ನೋಡಿದ್ದು ತಾಂತ್ರಿಕ ವಿಭಾಗದ ಪಟ್ಟಿ. ಅದರಲ್ಲಿ ಈ ಶಾಲೆಯಿಂದ ನಾಲ್ಕೇ ಹೆಸರು. ಹಸ್ನಾಳ ಹೆಸರಿರಲಿಲ್ಲ. ಇನ್ನೊಮ್ಮೆ ಬೆರಳಿಟ್ಟು ಓದಿದಳು. ಆಮೇಲೆ ವಿಜ್ಞಾನದ ಪಟ್ಟಿ, ಅಲ್ಲೂ ಇಲ್ಲ. ಕೊನೆಗೆ ಸಾಹಿತ್ಯ ವಿಭಾಗದ ಪಟ್ಟಿಯಲ್ಲಿ ಆ ಹೆಸರು ಸಿಕ್ಕಿತು.

ಹಸ್ನಾ ಮೇಲಿನ ಬೆಟ್ಟದ ಹಳ್ಳಿಯ ಹುಡುಗಿ. ವಾರವೆಲ್ಲ ಹುಡುಗಿಯರ ಹಾಸ್ಟೆಲಿನಲ್ಲಿದ್ದು ಶನಿವಾರ ಮನೆಗೆ ಹೋಗುವವಳು. ಗಣಿತದಲ್ಲಿ ಇಪ್ಪತ್ತಕ್ಕೆ ಹದಿನೇಳು. ಮಾರ್ಚ್ ತಿಂಗಳಲ್ಲಿ ತೂರಿಯಾ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿಸಿದ್ದಳು. ಅವಳಿಗೆಂದು ಶಾಲೆಯಲ್ಲಿ ಕೋಣೆ ಇರಲಿಲ್ಲ. ಆಟದ ಸಾಮಾನಿನ ಉಗ್ರಾಣದಲ್ಲಿ, ಒಂದರ ಮೇಲೊಂದು ಪೇರಿಸಿದ ಚಾಪೆಗಳ ಮೇಲೆ ಮಕ್ಕಳನ್ನು ಕೂರಿಸಿ, ತಾನು ಮುರಿದ ಬೆಂಚಿನ ಮೇಲೆ ಕೂರುತ್ತಿದ್ದಳು. ಹಸ್ನಾಳ ಬಾಯಿ ಬಿಡಿಸುವುದಕ್ಕೆ ನಲವತ್ತು ನಿಮಿಷ ಹಿಡಿಯಿತು. ಹಿಂದಿನ ವರ್ಷ ಅವಳ ಹಳ್ಳಿಯ ನೀರಿನ ಪಂಪಿಗೆ ಬಿಸಿಲಿನಿಂದ ವಿದ್ಯುತ್ ಮಾಡುವ ಫಲಕಗಳನ್ನು ಕೂರಿಸಲು ಮೆಕ್ನೆಸ್‌ನಿಂದ ಒಬ್ಬ ಕೆಲಸಗಾರ ಬಂದಿದ್ದನಂತೆ. ಹಳ್ಳಿಯವರೆಲ್ಲ ಒಂದು ಗಂಟೆ ನೋಡಿ ಹೊರಟುಹೋದರು. ಇವಳು ಎರಡು ದಿನವೂ ಅಲ್ಲೇ ನಿಂತಿದ್ದಳು. ಎರಡನೆಯ ದಿನ ಅವನು ಮೀಟರನ್ನು ಅವಳ ಕೈಗೆ ಕೊಟ್ಟು, ಮುಳ್ಳು ಎಲ್ಲಿ ನಿಂತಿದೆ ಎಂದು ಓದಿ ಹೇಳು ಎಂದಿದ್ದ. ಹೊರಡುವಾಗ, "ನಿನ್ನ ಕೈ ನಡುಗಲ್ಲ ಮಗಳೇ, ಇದನ್ನ ಕಲಿ," ಎಂದಿದ್ದ. ಇದನ್ನೆಲ್ಲ ಅವಳು ಗೋಡೆಯ ಕಡೆ ನೋಡುತ್ತ, ಯಾರದೋ ಗುಟ್ಟು ಹೇಳುವ ದನಿಯಲ್ಲಿ ಹೇಳಿದ್ದಳು. ತೂರಿಯಾ ತನ್ನ ನೋಟುಬುಕ್ಕಿನಲ್ಲಿ ಅವಳ ಹೆಸರಿನ ಮುಂದೆ, 'ವಿದ್ಯುತ್. ಸಂಶಯವಿಲ್ಲ' ಎಂದು ಬರೆದುಕೊಂಡಿದ್ದಳು.

ಹಸ್ನಾ ಹತ್ತು ಗಂಟೆಗೆ ಇಬ್ಬರು ಗೆಳತಿಯರ ಜೊತೆ ಬಂದಳು. ಪಟ್ಟಿಯನ್ನು ಒಂದೇ ಸಲ ಓದಿದಳು. ಆಮೇಲೆ ಬಗ್ಗಿ ಶೂ ದಾರ ಕಟ್ಟಿಕೊಳ್ಳತೊಡಗಿದಳು. ಕಟ್ಟುತ್ತಲೇ ಇದ್ದಳು. ಗೆಳತಿಯರು ಅವಳಿಗೆ ಅಡ್ಡವಾಗಿ ನಿಂತು ತಮ್ಮ ಪಾಡಿಗೆ ಮಾತಾಡುತ್ತಿದ್ದರು. ಬೇರೆ ಯಾರೂ ಅವಳ ಮುಖ ನೋಡದಿರಲಿ ಎಂದು ಹಾಗೆ ನಿಂತಿದ್ದಾರೆಂದು ತೂರಿಯಾಗೆ ಆಮೇಲೆ ಹೊಳೆಯಿತು.

ಅವಳನ್ನು ಮರದ ಕೆಳಗೆ ಕರೆದು ಕೇಳಿದಳು.

"ಏನಾಯ್ತು ಹಸ್ನಾ? ಮನೇಲಿ ಬೇಡ ಅಂದ್ರಾ?"

"ಇಲ್ಲ ಉಸ್ತಾದಾ. ಯಾರೂ ಏನೂ ಅನ್ನಲಿಲ್ಲ."

"ನಿನಗೇ ಮನಸ್ಸು ಬದಲಾಯ್ತಾ?"

"ಇಲ್ಲ."

"ಮತ್ತೆ ಆಯ್ಕೆ ಚೀಟೀಲಿ ಏನು ಬರೆದೆ?"

"ನಿಮಗೆ ಹೇಳಿದ್ದನ್ನೇ ಬರೆದೆ."

"ಯಾವ ಸಾಲಲ್ಲಿ?"

"ಮೂರನೇದ್ರಲ್ಲಿ."

ಚೀಟಿಯಲ್ಲಿದ್ದದ್ದು ಮೂರೇ ಸಾಲು.

"ಅದನ್ನ ಮೊದಲನೇ ಸಾಲಲ್ಲಿ ಬರೀಬೇಕಿತ್ತಲ್ಲ ಮಗಳೇ."

"ಮೊದಲೇ ಹೇಗೆ ಬರೆಯೋದು ಉಸ್ತಾದಾ? ಕೈ ಚಾಚಿದ ಹಾಗಾಗುತ್ತೆ. ಮನೇಲಿ ತಾಜೀನ್ ಮಡಕೆ ಇಟ್ರೆ ಎಲ್ಲರೂ ಅದೊಂದರಲ್ಲೇ ಅಂಚಿಂದ ತರಕಾರಿ ತಿಂತೀವಿ. ನಡುವೆ ಇರೋ ಮಾಂಸನ ಅಮ್ಮ ಕೊನೇಲಿ ಹಂಚ್ತಾಳೆ. ಯಾರಿಗೆ ಏನು ಬೇಕು ಅಂತ ಅವಳಿಗೆ ಗೊತ್ತಿರುತ್ತಲ್ಲ."

"ಇದು ಊಟ ಅಲ್ಲ ಕಣೇ."

"ನಿಮಗೆ ಗೊತ್ತಿತ್ತಲ್ಲ," ಎಂದಳು ಹಸ್ನಾ. ದನಿಯಲ್ಲಿ ದೂರು ಇರಲಿಲ್ಲ. "ಚೀಟಿ ಓದೋದು ನೀವೇ ಅಂದ್ಕೊಂಡಿದ್ದೆ."

ಚೀಟಿಯನ್ನು ಯಾರೂ ಓದಿರಲಿಲ್ಲ. ಕಚೇರಿಯ ಗುಮಾಸ್ತ ಮೂರು ಸಾಲುಗಳನ್ನು ಕಂಪ್ಯೂಟರಿಗೆ ತುಂಬಿದ. ಕಂಪ್ಯೂಟರು ಮೊದಲ ಸಾಲಿಗೆ ಅಂಕ ಸಾಲುತ್ತದೆಯೇ ಎಂದು ನೋಡಿತು. ಸಾಹಿತ್ಯ ವಿಭಾಗಕ್ಕೆ ಅಷ್ಟೇನೂ ಅಂಕ ಬೇಡ, ಹಸ್ನಾಳ ಹತ್ತಿರ ಧಾರಾಳವಾಗಿ ಇತ್ತು. ಅಲ್ಲಿಗೆ ಅವಳ ಲೆಕ್ಕ ಮುಗಿಯಿತು. ಉಳಿದ ಎರಡು ಸಾಲುಗಳ ತನಕ ಹೋಗುವ ಅಗತ್ಯವೇ ಬೀಳಲಿಲ್ಲ.

ತೂರಿಯಾ ಇದನ್ನು ಮಕ್ಕಳಿಗೆ ಹೇಳಿರಲಿಲ್ಲ. ಹೇಳಲು ಗೊತ್ತುಮಾಡಿದ್ದ ದಿನ ಕಣಿವೆಯಲ್ಲಿ ತಡವಾಗಿ ಹಿಮ ಬಿದ್ದು ಬಸ್ಸು ನಿಂತಿತ್ತು. ಬಂದು ಸೇರುವಷ್ಟರಲ್ಲಿ ಹನ್ನೊಂದೂವರೆ. ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಹದಿನೈದು ನಿಮಿಷದಲ್ಲಿ ಎಲ್ಲ ಹೇಳಿ ಮುಗಿಸಿದ್ದಳು. ಗಣಿತದ ಮೇಷ್ಟ್ರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. 'ನಿಮಗೆ ಇಷ್ಟವಾದ ಕ್ರಮದಲ್ಲಿ ಬರೆಯಿರಿ' ಎಂದಿದ್ದಳು. ಪೇಟೆಯ ಮಕ್ಕಳಿಗೆ ಅಷ್ಟು ಸಾಕಾಗುತ್ತಿತ್ತು. ಹಸ್ನಾಳ ಮನೆಯಂಥ ಮನೆಯಲ್ಲೇ ತಾನೂ ಹುಟ್ಟಿ ಬೆಳೆದವಳು. ಚಿಕ್ಕವಳಿದ್ದಾಗ ಒಮ್ಮೆ ಹಂಚುವ ಮೊದಲೇ ಮಾಂಸಕ್ಕೆ ಕೈಹಾಕಿ ಅಜ್ಜಿಯಿಂದ ಬೆರಳಿಗೆ ಪೆಟ್ಟು ತಿಂದವಳು. ಹಾಗಿದ್ದೂ ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಇದು ತಲೆಗೆ ಬಂದಿರಲಿಲ್ಲ.

ಹೆಡ್ ಮಾಸ್ಟರ್ ಸಿ ಮೀಮೂನ್ ಅವರ ಕೋಣೆಯಲ್ಲಿ ಚೀಟಿಗಳ ಕಟ್ಟು ಇತ್ತು. ತೂರಿಯಾ ಅದನ್ನು ಬಿಚ್ಚಿ ಹಸ್ನಾಳ ಚೀಟಿ ತೆಗೆದಳು. ಮೊದಲು ಸಾಹಿತ್ಯ, ಆಮೇಲೆ ವಿಜ್ಞಾನ, ಕೆಳಗೆ ತಾಂತ್ರಿಕ. ಬರಹ ಮುದ್ದಾಗಿತ್ತು. ಮೂರನೆಯ ಸಾಲನ್ನು ಮಾತ್ರ ಪೆನ್ನು ಒತ್ತಿ ಬರೆದಂತಿತ್ತು. ಅಥವಾ ಅವಳಿಗೆ ಹಾಗೆ ಕಂಡಿತೋ ಏನೋ. ಬೆಟ್ಟದ ಹಳ್ಳಿಗಳ ಉಳಿದ ಮಕ್ಕಳ ಚೀಟಿಗಳನ್ನೂ ಒಂದೊಂದಾಗಿ ತಿರುವಿದಳು. ಅವರಲ್ಲಿ ಎಷ್ಟು ಜನ ಹೀಗೆ ಬರೆದಿದ್ದಾರೆ ಎಂದು ಚೀಟಿ ನೋಡಿ ತಿಳಿಯುವಂತಿರಲಿಲ್ಲ. ಕಟ್ಟನ್ನು ಮತ್ತೆ ಕಟ್ಟಿಟ್ಟಳು.

"ಲಾಲ್ಲಾ ತೂರಿಯಾ, ನಾನೇನು ಮಾಡ್ಲಿ ಹೇಳಿ," ಎಂದರು ಸಿ ಮೀಮೂನ್. "ಸಭೆ ಮುಗೀತು, ಸಹಿ ಬಿತ್ತು, ಕಂಪ್ಯೂಟರ್ ಬಾಗಿಲು ಹಾಕ್ಕೊಂಡ್ತು. ನಿನ್ನೆಯಿಂದ ಅದಕ್ಕೆ ನನ್ನ ಗುರುತೇ ಸಿಗ್ತಿಲ್ಲ. ಮನೆಯವಳೂ ಇಷ್ಟು ಬೇಗ ಮರೆಯಲ್ಲ."

"ವಿಭಾಗ ಬದಲಾವಣೆಗೆ ಅರ್ಜಿ ಇದೆಯಲ್ಲ."

"ಇದೆ. ಮೂರು ದಿನ ಟೈಮು. ಜಾಗ ಇದ್ರೆ ತಾನೇ ಅರ್ಜಿ?" ಹಾಗೆಂದವರೇ ಅರ್ಜಿಯ ಹಾಳೆ ಹುಡುಕತೊಡಗಿದರು. ಮೂರು ಡ್ರಾಯರು ತೆಗೆದ ಮೇಲೆ ಸಿಕ್ಕಿತು. "ನಾಳೆ ಬಸ್ಸಿಗೆ ಕಾಯ್ಬೇಡಿ. ಪ್ರಾಂತ್ಯದ ಕಚೇರಿ ತನಕ ನನ್ನ ಕಾರಲ್ಲೇ ಬಿಡ್ತೀನಿ. ನನಗೂ ಆ ಕಡೆ ಕೆಲಸ ಇದೆ." ಅವರಿಗೆ ಆ ಕಡೆ ಯಾವ ಕೆಲಸವೂ ಇರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅರ್ಜಿಯಲ್ಲಿ ಕಾರಣವನ್ನು ವಿದ್ಯಾರ್ಥಿಯೇ ಕೈಯಾರೆ ಬರೆಯಬೇಕು. ಹಸ್ನಾ ಮರದ ಕೆಳಗೆ ಕೂತು, ಮೊಣಕಾಲ ಮೇಲೆ ಪುಸ್ತಕವಿಟ್ಟು ಬರೆದು ತಂದಳು. 'ಎಲ್ಲರಿಗೂ ಕೊಟ್ಟ ಮೇಲೆ ತಾಂತ್ರಿಕ ವಿಭಾಗದಲ್ಲಿ ಜಾಗ ಉಳಿದರೆ, ಅದರಿಂದ ಯಾರಿಗೂ ತೊಂದರೆಯಾಗುವುದಿಲ್ಲ ಎಂದಾದರೆ, ನನ್ನನ್ನೂ ಪರಿಗಣಿಸಬಹುದು.'

"ಹೀಗೆ ಬರೆದ್ರೆ ಯಾರೂ ಕೊಡಲ್ಲ ಹಸ್ನಾ. ನನಗೆ ಬೇಕು ಅಂತ ಬರಿ."

"ಹಾಗೇ ಬರೀಲಾ?"

"ಹಾಗೇ ಬರಿ."

ಎರಡನೆಯ ಹಾಳೆಯನ್ನು ಮುಗಿಸಲು ಅವಳಿಗೆ ಅರ್ಧ ಗಂಟೆ ಬೇಕಾಯಿತು. 'ತಾಂತ್ರಿಕ ವಿಭಾಗ ನನಗೆ ಬೇಕು' ಎಂದು ಒಂದೇ ವಾಕ್ಯ ಬರೆದಿದ್ದಳು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, 'ಕ್ಷಮಿಸಿ' ಎಂದಿತ್ತು. ತೂರಿಯಾ ಅದನ್ನು ಅಳಿಸು ಎನ್ನಲಿಲ್ಲ.

ಪ್ರಾಂತ್ಯದ ಕಚೇರಿಯಲ್ಲಿ ಅರ್ಜಿಗಳನ್ನು ನೋಡಿಕೊಳ್ಳುತ್ತಿದ್ದವನು ಹಮ್ಮಾದಿ. ಒಂದು ಕಾಲಕ್ಕೆ ತೂರಿಯಾಳ ಜೊತೆಗೇ ತರಬೇತಿ ಪಡೆದವನು. ಮಧ್ಯಾಹ್ನದ ಊಟಕ್ಕೆಂದು ರೊಟ್ಟಿ ಬಿಚ್ಚಿಕೊಂಡು ಕೂತಿದ್ದ. ಅವಳನ್ನು ಕಂಡದ್ದೇ ರೊಟ್ಟಿ ಮುರಿದು ಅರ್ಧವನ್ನು ಅವಳ ಕಡೆ ತಳ್ಳಿದ, ಆಲಿವ್ ಕಾಯಿಯ ಡಬ್ಬಿಯನ್ನು ನಡುವೆ ಇಟ್ಟ.

"ತಿನ್ನು. ಖಾಲಿ ಹೊಟ್ಟೇಲಿ 'ಇಲ್ಲ' ಅನ್ನೋ ಮಾತು ಕೇಳಿಸ್ಕೋಬಾರ್ದು."

"ಇನ್ನೂ ನಾನು ಕೇಳೇ ಇಲ್ಲ ಹಮ್ಮಾದಿ."

"ನೀನು ಊರಿಂದ ಇಲ್ಲಿ ತನಕ ನನ್ನ ಮುಖ ನೋಡೋಕೆ ಬರ್ತೀಯಾ?" ಅರ್ಜಿ ಓದಿದ. ಕಂಪ್ಯೂಟರಿನಲ್ಲಿ ಏನನ್ನೋ ನೋಡಿದ. ಅಗಿಯುವುದನ್ನು ನಿಲ್ಲಿಸಿದ. "ಮೂವತ್ತಾರು ಜಾಗ, ಮೂವತ್ತಾರು ಮಕ್ಕಳು. ಕಾಯೋರ ಪಟ್ಟೀಲಿ ಹನ್ನೊಂದು ಜನ. ಎಲ್ಲರೂ ಮೊದಲ್ನೇ ಸಾಲಲ್ಲೇ ಕೇಳಿರೋರು. ಈ ಹುಡುಗಿ ಅಂಕ ಅವರೆಲ್ಲರಿಗಿಂತ ಮೇಲಿದೆ. ಅದನ್ನ ನಾನು ನೋಡ್ಬಾರ್ದಿತ್ತು."

"ಅರ್ಜೀಲಿ ಕಾರಣ ಇದೆಯಲ್ಲ."

"ಕಾರಣಕ್ಕೆ ಮೂರು ಚೌಕ ಇದೆ. ಮನಸ್ಸು ಬದಲಾಯ್ತು, ಆರೋಗ್ಯ ಸರಿಯಿಲ್ಲ, ಮನೆ ಬದಲಾಯ್ತು. ತಪ್ಪಾಗಿ ಬರೆದೆ ಅನ್ನೋ ಚೌಕ ಇಲ್ಲ."

"ಅವಳು ತಪ್ಪಾಗಿ ಬರೆದಿಲ್ಲ. ಅವಳ ಮನೇಲಿ ಅದೇ ಸರಿ."

"ಅದಕ್ಕಂತೂ ಚೌಕ ಮೊದಲೇ ಇಲ್ಲ," ಎಂದ ಹಮ್ಮಾದಿ. ಸ್ವಲ್ಪ ಹೊತ್ತು ಇಬ್ಬರೂ ಆಲಿವ್ ಬೀಜಗಳನ್ನು ಕಾಗದದ ಮೇಲೆ ಸಾಲಾಗಿ ಇಡುತ್ತ ಕೂತರು. ಹೊರಡುವಾಗ ಅವನು ಹಸ್ನಾಳ ಅರ್ಜಿಯನ್ನು ರಾಶಿಯ ಎಲ್ಲಕ್ಕಿಂತ ಮೇಲೆ ಇಟ್ಟ. ಮೇಲಿಟ್ಟರೂ ಕೆಳಗಿಟ್ಟರೂ ಕಂಪ್ಯೂಟರಿಗೆ ಒಂದೇ ಎಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ.

ಎಂಟನೆಯ ದಿನ ಅವನೇ ಫೋನ್ ಮಾಡಿದ. "ಆಗಲ್ಲ ಅನ್ನೋ ಕಾಗದ ನಾಳೆ ಬರುತ್ತೆ. ಅದಕ್ಕೆ ಮುಂಚೆ ಮನುಷ್ಯರ ಬಾಯಲ್ಲಿ ಕೇಳ್ಲಿ ಅಂತ ಮಾಡ್ದೆ."

ತೂರಿಯಾ ಮಾರನೆಯ ದಿನ ಬೆಟ್ಟಕ್ಕೆ ಹೋದಳು. ಕೂಡುರಸ್ತೆಯ ತನಕ ಬಾಡಿಗೆ ಟ್ಯಾಕ್ಸಿ, ಅಲ್ಲಿಂದ ಮೇಲಕ್ಕೆ ನಡಿಗೆ. ಬಾರ್ಲಿ ಕೊಯ್ಲು ಮುಗಿದು ಹೊಲಗಳು ಬೋಳಾಗಿದ್ದವು. ಹಸ್ನಾಳ ಅಪ್ಪ ಕುರಿಗಳ ಜೊತೆ ಎತ್ತರದ ಹುಲ್ಲುಗಾವಲಿಗೆ ಹೋಗಿದ್ದ. ತಾಯಿ ಇಟ್ಟೊ ತೂರಿಯಾಳನ್ನು ಹೊಸ್ತಿಲಲ್ಲೇ ತಬ್ಬಿಕೊಂಡು ಕೆನ್ನೆಗೆ ನಾಲ್ಕು ಬಾರಿ ಮುತ್ತಿಟ್ಟಳು.

"ಬಾ ತಂಗಿ, ಬಾ. ನಿನ್ನ ಹೆಸರು ಹೇಳದೆ ಇರೋ ದಿನ ಇಲ್ಲ. ಮೊದಲು ಬರೆದದ್ದೇ ಸಿಕ್ತಂತೆ ನನ್ನ ಮಗಳಿಗೆ. ಪಕ್ಕದ ಮನೆಯವಳ ಮಗಂಗೆ ಎರಡನೇದು ಸಿಕ್ಕಿದ್ದು, ಗೊತ್ತಾ? ಮೂರು ದಿನದಿಂದ ಅವಳು ನನ್ನ ಹತ್ರ ಮಾತಾಡ್ತಿಲ್ಲ."

ತೂರಿಯಾ ಹಸ್ನಾಳ ಕಡೆ ನೋಡಿದಳು. ಹಸ್ನಾ ಚಹದ ಲೋಟಗಳನ್ನು ತೊಳೆಯುತ್ತಿದ್ದಳು. ತಲೆ ಎತ್ತದೆಯೇ ಒಮ್ಮೆ, ಬೇಡ ಎನ್ನುವಂತೆ ತಲೆ ಅಲ್ಲಾಡಿಸಿದಳು. ಅರ್ಜಿಯ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೀಟರಿನ ವಿಷಯವೂ ಗೊತ್ತಿದ್ದಂತಿರಲಿಲ್ಲ.

"ಶಾಲೆಗೆ ಹೋಗದ ಹೆಂಗಸು ನಾನು," ಎಂದಳು ಇಟ್ಟೊ, ಪುದೀನ ಚಹವನ್ನು ಎತ್ತರದಿಂದ ಸುರಿಯುತ್ತ. "ನಾಳೆ ಇವಳು ಟೀಚರ್ ಆದ್ರೆ, ಅದು ನಿನ್ನಿಂದ. ನೀನೇ ಕೂರಿಸಿ ಬರೆಸಿದ್ದು ಅಂದ್ಳು ಇವಳು."

"ಬರೆದದ್ದು ಅವಳೇ," ಎಂದಳು ತೂರಿಯಾ. ಮೂರು ಲೋಟ ಚಹ ಕುಡಿದಳು. ಅಭಿನಂದನೆಗಳನ್ನು ಸ್ವೀಕರಿಸಿದಳು. ಇಟ್ಟೊ ಒತ್ತಾಯದಿಂದ ಕೊಟ್ಟ ಮೊಟ್ಟೆಗಳನ್ನು, ಒಡೆಯದಂತೆ ಹೊಟ್ಟಿನಲ್ಲಿ ಹುದುಗಿಸಿ ಕೊಟ್ಟ ಬುಟ್ಟಿಯ ಸಮೇತ ತೆಗೆದುಕೊಂಡಳು.

ಕೂಡುರಸ್ತೆಯ ತನಕ ಕಳಿಸಿ ಬರಲು ಹಸ್ನಾ ಜೊತೆಗೆ ಬಂದಳು. ಬುಟ್ಟಿ ಅವಳ ಕೈಯಲ್ಲಿತ್ತು. ಮನೆ ಮರೆಯಾದ ಮೇಲೆ ತೂರಿಯಾ ಮಾತು ತೆಗೆದಳು.

"ಹಸ್ನಾ, ಅರ್ಜಿ..."

"ಗೊತ್ತಾಯ್ತು ಉಸ್ತಾದಾ. ಸಿಕ್ಕಿದ್ರೆ ಫೋನ್ ಮಾಡ್ತಿದ್ರಿ. ಇಷ್ಟು ದೂರ ನಡ್ಕೊಂಡು ಬರ್ತಿರಲಿಲ್ಲ."

"ಮುಂದಿನ ವರ್ಷ ಮತ್ತೆ ಕೇಳಬಹುದು." ಸಾಹಿತ್ಯದಿಂದ ತಾಂತ್ರಿಕಕ್ಕೆ ಹೋದ ಒಂದು ಮಗುವನ್ನೂ ತೂರಿಯಾ ಈ ತನಕ ಕಂಡಿರಲಿಲ್ಲ.

"ಆಗ್ಲೂ ನೀವೇ ಬರ್ತೀರಾ?"

"ಬರ್ತೀನಿ," ಎಂದಳು ತೂರಿಯಾ. ಸೆಪ್ಟೆಂಬರಿನಿಂದ ತನಗೆ ಯಾವ ಯಾವ ಶಾಲೆ ಎಂಬ ಆದೇಶ ಇನ್ನೂ ಬಂದಿರಲಿಲ್ಲ.

ಕೂಡುರಸ್ತೆಯಲ್ಲಿ ಟ್ಯಾಕ್ಸಿ ನಿಂತಿತ್ತು. ಆರು ಜನ ತುಂಬದೆ ಹೊರಡುವುದಿಲ್ಲ. ತೂರಿಯಾ ಸೇರಿ ಐದು ಜನವಾಗಿದ್ದರು. ಡ್ರೈವರು ಬಾನೆಟ್ಟಿನ ಮೇಲೆ ಒರಗಿ ಬೆಟ್ಟದ ದಾರಿಯನ್ನೇ ನೋಡುತ್ತಿದ್ದ. ತೂರಿಯಾ ಹಿಂದಿನ ಸೀಟಿನಲ್ಲಿ ಕೂತಳು. ಹಸ್ನಾ ಬುಟ್ಟಿಯನ್ನು ಅವಳ ಮಡಿಲಲ್ಲಿಟ್ಟು, ತೆರೆದ ಬಾಗಿಲ ಹತ್ತಿರ ನಿಂತಳು. ಹೋಗು ಎಂದರೂ ಹೋಗಲಿಲ್ಲ.

"ಕಾಯೋರ ಪಟ್ಟೀಲಿ ಇರೋರಿಗಾದ್ರೂ ಸಿಗುತ್ತಾ ಉಸ್ತಾದಾ?"

"ಒಬ್ಬಿಬ್ಬರಿಗೆ ಸಿಗಬಹುದು. ಯಾರಾದ್ರೂ ಬಿಟ್ರೆ."

"ಸಿಗ್ಲಿ," ಎಂದಳು ಹಸ್ನಾ. ಆಮೇಲೆ ಕೇಳಿದಳು: "ಸಾಹಿತ್ಯದಲ್ಲಿ ಏನೇನು ಓದಿಸ್ತಾರೆ?"

ತೂರಿಯಾ ಹೇಳತೊಡಗಿದಳು. ಅರಬ್ಬಿ, ಫ್ರೆಂಚ್, ಇತಿಹಾಸ, ಭೂಗೋಳ. ತತ್ವಶಾಸ್ತ್ರ ಚೆನ್ನಾಗಿರುತ್ತದೆ, ಯೋಚನೆ ಮಾಡುವವರಿಗೆ ಹಿಡಿಸುತ್ತದೆ. ಹಸ್ನಾ ಒಂದೊಂದಕ್ಕೂ ಮರ್ಯಾದೆಯಿಂದ ತಲೆಯಾಡಿಸಿದಳು, ಗಣಿತ ಇರುತ್ತದೆಯೇ ಎಂದು ಕೇಳಿದಳು. ಇರುತ್ತದೆ, ವಾರಕ್ಕೆ ಸ್ವಲ್ಪ, ಎಂದಳು ತೂರಿಯಾ. ಆರನೆಯವರು ಬರುವ ಲಕ್ಷಣವೇ ಕಾಣಲಿಲ್ಲ. ಬಿಸಿಲು ಏರುತ್ತಿತ್ತು. ಹುಡುಗಿ ಇನ್ನೂ ನಿಂತೇ ಇದ್ದಳು, ಹಾಗಾಗಿ ತೂರಿಯಾ ಎರಡನೆಯ ವರ್ಷದ ವಿಷಯಗಳನ್ನು ಹೇಳಿದಳು, ಆಮೇಲೆ ಮೂರನೆಯ ವರ್ಷದವನ್ನು.